ಹಳೆ ಟಾಟಾ 407 ಲಾರಿ ಏರು ಹತ್ತೋವಾಗ ಆಫ್ ಆಗ್ತಿದೆ, ಹತ್ತು ನಿಮಿಷ ಬಿಟ್ರೆ ತಾನಾಗೇ ಸ್ಟಾರ್ಟ್. ಪಂಪ್ ಬಿಚ್ಚಿಸ್ಬೇಕಾ?

ತೋಟದ_ಗಾಡಿ (ಭಾನುವಾರ ರಾತ್ರಿ)

ಎಲ್ರಿಗೂ ನಮಸ್ಕಾರ, ತಲೆ ಕೆಟ್ಟು ಹೋಗಿದೆ ಅದಕ್ಕೇ ಬರೀತಿದೀನಿ, ಉದ್ದ ಆದ್ರೆ ಬೈಕೋಬೇಡಿ. ನಮ್ದು ಮಾದಾಪುರ ಹತ್ರ ತೋಟ, ಮನೇಲಿ ಒಂದು 1997ರ 407 ಇದೆ, ಅಪ್ಪ ತಗೊಂಡಿದ್ದು, ಹಳೇ 497 ಇಂಜಿನ್ನು, ಟರ್ಬೋ ಇಲ್ಲ, ಸೆನ್ಸಾರ್ ಗಿನ್ಸಾರ್ ಏನೂ ಇಲ್ಲ, ಇನ್‌ಲೈನ್ ಪಂಪು (ಇಂಜಿನ್ನಿಗೆ ಪ್ರೆಷರಲ್ಲಿ ಡೀಸೆಲ್ ತಳ್ಳೋ ಮೇನ್ ಪಂಪು). ಚೆರಿ ಕಾಫಿ ಕುಶಾಲನಗರಕ್ಕೆ ಇಳಿಸೋದು, ಬರ್ತಾ ಗೊಬ್ಬರನೋ ಸಿಮೆಂಟೋ ಹಾಕ್ಕೊಂಡು ಬರೋದು, ಇಷ್ಟೇ ಅದರ ಕೆಲಸ, ಇಷ್ಟು ವರ್ಷ ಒಂದು ದಿನ ದಾರೀಲಿ ಕೈ ಕೊಟ್ಟಿರಲಿಲ್ಲ.

ಹುತ್ತರಿ ಕಳೆದ್ಮೇಲೆ ಶುರುವಾಯ್ತು ನೋಡಿ. ಬೆಳಗ್ಗೆ ಅರ್ಧ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ, ಐಡ್ಲಿಂಗಲ್ಲಿ ಗಂಟೆಗಟ್ಲೆ ಬಿಟ್ರೂ ಏನೂ ಆಗಲ್ಲ, ಖಾಲಿ ಗಾಡಿ ಇಳಿಜಾರಲ್ಲಿ ಬೆಣ್ಣೆ ಥರ ಹೋಗುತ್ತೆ. ಲೋಡ್ ಹಾಕ್ಕೊಂಡು ಏರು ಹತ್ತೋಕೆ ಶುರು ಮಾಡಿ ಒಂದು ಎಂಟು ಹತ್ತು ಕಿಲೋಮೀಟರ್ ಆದ್ಮೇಲೆ ಮೊದಲು ಪಿಕಪ್ ಹೋಗುತ್ತೆ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೂ ಇಂಜಿನ್ ಕೇಳಲ್ಲ, ಆಮೇಲೆ ಎರಡು ಸಲ ಗುಳುಗುಳು ಅಂದು ಆಫ್. ತಕ್ಷಣ ಸೆಲ್ಫ್ ಹೊಡೆದ್ರೆ ಬರಲ್ಲ. ಬೀಡಿ ಸೇದಿ ಮುಗಿಸಿ ಹತ್ತು ನಿಮಿಷ ಬಿಟ್ಟು ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್! ಮತ್ತೆ ಮೂರ್ನಾಲ್ಕು ಕಿಲೋಮೀಟರ್, ಮತ್ತೆ ಆಫ್.

ಮೊನ್ನೆ ಪಿರಿಯಾಪಟ್ಟಣ ಕಡೆಯಿಂದ ಕುರಿಗೊಬ್ಬರ ಹಾಕ್ಕೊಂಡು ಬರೋವಾಗ ಸಂಜೆ ಏಳು ಗಂಟೆಗೆ ಸರಿಯಾಗಿ ಆನೆ ತಿರುಗಾಡೋ ಆನೆಕಾಡಲ್ಲಿ ನಿಂತೋಯ್ತು. ಆ ಜಾಗ ಗೊತ್ತಿದ್ದೋರಿಗೆ ಹೇಳ್ಬೇಕಾಗಿಲ್ಲ. ಒಂದು ಕಡೆ ಬಿದಿರು ಲಟಲಟ ಅನ್ನೋ ಸದ್ದು, ಇನ್ನೊಂದು ಕಡೆ ನಮ್ಮ ಡ್ರೈವರ್ ಕ್ಯಾಬಿನ್ ಬಿಟ್ಟು ಇಳಿಯಲ್ಲ ಅಂತ ಹಠ, ನಾನೇ ಟಾರ್ಚ್ ಹಿಡ್ಕೊಂಡು ಇಳಿದು ಡೀಸೆಲ್ ಎಳೆಯೋ ಹ್ಯಾಂಡ್ ಪಂಪ್ ಹೊಡೆದೆ.

ಇಲ್ಲೀವರೆಗೆ ಮಾಡ್ಸಿದ್ದು: ಎರಡೂ ಡೀಸೆಲ್ ಫಿಲ್ಟರ್ ಹೊಸದು, ಏರ್ ಫಿಲ್ಟರ್ ಕ್ಲೀನ್, ಫೀಡ್ ಪಂಪ್ (ಟ್ಯಾಂಕಿಂದ ಡೀಸೆಲ್ ಎಳೆಯೋದು) ಕಿಟ್ ಹಾಕ್ಸಿದ್ದು, ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ನಾಲ್ಕು ನಾಜಲ್ ಚೆಕ್ ಮಾಡ್ಸಿದ್ದು. ಇಷ್ಟಕ್ಕೇ ಆರು ಸಾವಿರ ಹೋಯ್ತು, ಪ್ರಾಬ್ಲಂ ಅಲ್ಲೇ ಇದೆ. ಈಗ ಗ್ಯಾರೇಜ್‌ನೋರು ಮೇನ್ ಪಂಪ್ ಇಳಿಸಿ ಎಲಿಮೆಂಟ್ (ಒಳಗೆ ಪ್ರೆಷರ್ ಕಟ್ಟೋ ಭಾಗ) ಬದಲಾಯಿಸ್ಬೇಕು, 28 ಸಾವಿರ ಆಗುತ್ತೆ ಅಂತಾರೆ. ರೋಬಸ್ಟಾ ಕುಯ್ಲು ಶುರುವಾಗಿದೆ, ಲೈನ್ ಮನೇಲಿ ಕುಯ್ಲಿನ ಜನ ಇದ್ದಾರೆ, ಕಣದಲ್ಲಿ ಕಾಫಿ ಇದೆ, ಗಾಡಿ ಹತ್ತು ದಿನ ಗ್ಯಾರೇಜಲ್ಲಿ ಬಿಡೋಕಾಗಲ್ಲ. ಅಪ್ಪ ಬೇರೆ ಮಾರಿ ಹಾಕು ಅಂತಿದ್ದಾರೆ. ಗೊತ್ತಿರೋರು ದಯವಿಟ್ಟು ಹೇಳಿ, ಪಂಪ್ ಬಿಚ್ಚಿಸ್ಲಾ?


ಕೆಎ12_ಲೋಡು (ಭಾನುವಾರ ರಾತ್ರಿ)

ಬೇಡ. ಸದ್ಯಕ್ಕೆ ಬೇಡ.

ಮೂರು ಕೇಳ್ತೀನಿ ಅದಕ್ಕೆ ಉತ್ತರ ಹೇಳಿ. ಆಫ್ ಆಗೋ ಮುಂಚೆ ಹೊಗೆ ಯಾವ ಬಣ್ಣ, ಕಪ್ಪೋ ಬಿಳಿನೋ ಹೊಗೆನೇ ಇಲ್ವೋ. ಆಫ್ ಆದ ತಕ್ಷಣ ಹ್ಯಾಂಡ್ ಪಂಪ್ ಹೊಡೆದ್ರೆ ಕೈಗೆ ಹೇಗೆ ಸಿಗುತ್ತೆ, ಪೊಳ್ಳಾ ಗಟ್ಟಿನಾ. ಟ್ಯಾಂಕ್ ಕ್ಯಾಪ್ ತೆಗೆದ್ರೆ ಉಸ್ ಅಂತ ಗಾಳಿ ಎಳ್ಕೊಳ್ಳುತ್ತಾ. ನಾನು ಸಿಲ್ವರ್ ಓಕ್ ಲೋಡ್ ಹೊಡೆಯೋನು, ನನ್ನ ಹಳೇ ಗಾಡೀಲಿ ಟ್ಯಾಂಕ್ ಕ್ಯಾಪಿನ ಉಸಿರು ತೂತಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಅದೊಂದಕ್ಕೆ ಎರಡು ವಾರ ಒದ್ದಾಡಿದ್ದೆ. ಡೀಸೆಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರ್ಬೇಕಲ್ಲ, ಬರ್ದೇ ಇದ್ರೆ ಟ್ಯಾಂಕೇ ಡೀಸೆಲ್ ಹಿಡ್ಕೊಳ್ಳುತ್ತೆ, ಬಿಡಲ್ಲ.


ಮಂಜಿನೂರು (ಭಾನುವಾರ ರಾತ್ರಿ)

ಇದು ಹೀಟ್ ಪ್ರಾಬ್ಲಂ ಬ್ರದರ್, ಏರು ಹತ್ತಿದ್ರೆ ಇಂಜಿನ್ ಬಿಸಿ ಆಗಿ ಪೈಪಲ್ಲಿ ಡೀಸೆಲ್ ಆವಿ ಆಗ್ತಿದೆ, ತಣ್ಣಗಾದ್ಮೇಲೆ ಸರಿ ಹೋಗ್ತಿದೆ. ಫೀಡ್ ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ ನೋಡಿ, ನಮ್ಮ ತಾತನ ಜೀಪಿಗೆ ಹಾಗೇ ಮಾಡ್ತಿದ್ರು, ಮಡಿಕೇರಿ ಹತ್ತೋ ತನಕ ಎರಡು ಸಲ ನೀರು ಹಾಕ್ತಿದ್ರು.


ತೋಟದ_ಗಾಡಿ (ಸೋಮವಾರ ಬೆಳಗ್ಗೆ)

ಕೆಎ12 ಅಣ್ಣ, ಹೊಗೆ ಕಪ್ಪು ಇಲ್ಲ, ಆಫ್ ಆಗೋ ಮುಂಚೆ ಹೊಗೆನೇ ಕಮ್ಮಿ ಆಗುತ್ತೆ ಅಂತ ಡ್ರೈವರ್ ಹೇಳ್ದ. ಹ್ಯಾಂಡ್ ಪಂಪ್ ಪೊಳ್ಳಲ್ಲ, ಮೇಲೆ ಎತ್ತೋಕೇ ಕಷ್ಟ, ಯಾರೋ ಕೆಳಗಿಂದ ಎಳೆದು ಹಿಡ್ಕೊಂಡ ಹಾಗೆ, ಒಂದು ಸ್ವಲ್ಪ ಹೊತ್ತು ಆದ್ಮೇಲೆ ಸಲೀಸಾಗುತ್ತೆ.

ಇನ್ನು ಕ್ಯಾಪ್. ನಿಮ್ಮ ಮಾತು ಓದಿ ಬೆಳಗ್ಗೆ ಎದ್ದು ಮೊದಲು ಅದೇ ನೋಡ್ದೆ. ಕ್ಯಾಪಿನ ರಬ್ಬರ್ ವಾಷರ್ ಮಳೆಗಾಲಕ್ಕೆ ಮುಂಚೆನೇ ಹೋಗಿತ್ತಂತೆ, ನೀರು ಒಳಗೆ ಹೋಗ್ಬಾರ್ದು ಅಂತ ನಮ್ಮ ಡ್ರೈವರ್ ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ ಹರಿದು ಬಾಯಿಗೆ ಸುತ್ತಿ ಅದರ ಮೇಲೆ ಕ್ಯಾಪ್ ತಿರುಗಿಸಿದ್ದಾನೆ. ಜೂನಿಂದ ಹಾಗೇ ಇದೆ! ನನಗೆ ಗೊತ್ತೇ ಇಲ್ಲ. ಸಿಕ್ತು ಕಳ್ಳ ಅಂದ್ಕೊಂಡು ಪ್ಲಾಸ್ಟಿಕ್ ಕಿತ್ತು ಬಿಸಾಕಿ, ಕ್ಯಾಪನ್ನೂ ಸಡಿಲ ಬಿಟ್ಟು, 40 ಚೀಲ ಚೆರಿ ಹಾಕಿ ಹಟ್ಟಿಹೊಳೆ ದಾಟಿ ಮಡಿಕೇರಿ ಕಡೆ ಹತ್ತಿಸ್ದೆ. ಮಕ್ಕಂದೂರು ಮುಟ್ಟೋಕೆ ಮುಂಚೆ ಆಫ್. ಅದೇ ಕಥೆ. ಅಂದ್ರೆ ಕ್ಯಾಪ್ ಅಲ್ಲ.

ಮಂಜಿನೂರು, ಒದ್ದೆ ಬಟ್ಟೆನೂ ಸುತ್ತಿ ನೋಡಿದೀನಿ, ಏನೂ ವ್ಯತ್ಯಾಸ ಇಲ್ಲ.


ಸಂಪಾಜೆ_ತಿರುವು (ಸೋಮವಾರ ಮಧ್ಯಾಹ್ನ)

ಮಾರಾಯ್ರೇ ಏರು ಹತ್ತುವಾಗ ಏರ್ ಹಿಡಿಯುವುದು (ಡೀಸೆಲ್ ಪೈಪಿಗೆ ಗಾಳಿ ಸೇರುವುದು) ಅಂದ್ರೆ ಇದೇ 😀

ನನ್ನದು ಬೇರೆ ಕೇಸು, ಆದರೂ ಹೇಳ್ತೇನೆ. ನಮ್ಮಲ್ಲಿ ಡೀಸೆಲನ್ನು ಬ್ಯಾರಲಿನಲ್ಲಿ ಇಡುವುದುಂಟು, ಸ್ಪ್ರಿಂಕ್ಲರ್ ಮೋಟಾರಿಗೆ ತರಿಸಿದ್ದು, ಅದರಿಂದಲೇ ಲಾರಿಗೂ ಹಾಕುವುದು. ಮಳೆಗಾಲದಲ್ಲಿ ಬ್ಯಾರಲ್ ಅರ್ಧ ಖಾಲಿ ಇದ್ದರೆ ಒಳಗೆ ಬೆವರುತ್ತದೆ, ಆ ನೀರು ಅಡಿಯಲ್ಲಿ ನಿಲ್ತದೆ, ನೀರಿಗೂ ಡೀಸೆಲಿಗೂ ನಡುವೆ ಕಪ್ಪು ಲೋಳೆ ಬೆಳೀತದೆ, ಗಂಜಿ ತಿಳಿ ಮೇಲೆ ಕೆನೆ ಕಟ್ಟಿದ ಹಾಗೆ. ಅದು ಫಿಲ್ಟರಿಗೆ ಹೋಗಿ ಅಂಟಿಕೊಂಡರೆ ಹೊಸ ಫಿಲ್ಟರ್ ಕೂಡ ಒಂದು ವಾರಕ್ಕೆ ಬಂದ್. ಫಿಲ್ಟರಿನ ಅಡಿಯ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿದು ಹತ್ತು ನಿಮಿಷ ಇಡಿ, ಅಡಿಯಲ್ಲಿ ನೀರಿದ್ದರೆ ಬೇರೆಯಾಗಿ ಕಾಣ್ತದೆ. ನಮ್ಮ ಕೊಡಗಿನ ಮಳೆಗೆ ಗಾಡಿಯ ಟ್ಯಾಂಕ್ ರಾತ್ರಿ ಖಾಲಿ ಇಡಲೇಬಾರದು, ಫುಲ್ ಮಾಡಿ ನಿಲ್ಲಿಸುವುದು ಒಳ್ಳೆಯದು.


ಪಂಪ್_ರೂಂ_ಹಳಬ (ಸೋಮವಾರ ರಾತ್ರಿ)

ನಾನು ಡೀಸೆಲ್ ಪಂಪ್ ನಾಜಲ್ ರಿಪೇರಿ ರೂಮಲ್ಲಿ 30 ವರ್ಷ ಕೂತವನು, ಈಗ ಬಿಟ್ಟಿದೀನಿ, ಕಣ್ಣು ಕೇಳಲ್ಲ. ಈ ಪಂಪ್ ಮಾಡೋ ಮೈಕೋ ಕಂಪ್ನಿ ಶುರುವಾಗಿದ್ದು 1951ರಲ್ಲಿ, 2008ರಿಂದ ಅದರ ಹೆಸರು ಬಾಷ್ ಆಯ್ತು, ಆದ್ರೆ ನಮ್ಮ ಬಾಯಲ್ಲಿ ಇವತ್ತಿಗೂ ಇದು ಮೈಕೋ ಪಂಪೇ. ಆ ಪಂಪು ಒಳ್ಳೆ ಡೀಸೆಲ್ ಕುಡಿದ್ರೆ ಗಾಡಿ ಬಾಡಿ ತುಕ್ಕು ಹಿಡಿದು ಉದುರಿದ್ರೂ ತಾನು ಸಾಯಲ್ಲ. ನನ್ನ ಟೇಬಲ್ಲಿಗೆ ಬರ್ತಿದ್ದ ಪಂಪ್‌ಗಳಲ್ಲಿ ಎಷ್ಟೋ ಪಂಪು ಸುಮ್ನೆ ಬಂದಿದ್ದು, ತೊಂದ್ರೆ ಟ್ಯಾಂಕಿಂದ ಫೀಡ್ ಪಂಪ್ ನಡುವಿನ ಎರಡು ಮೀಟರ್ ಪೈಪಲ್ಲಿ. ಇದನ್ನ ಹೇಳಿ ಹೇಳಿ ಗಿರಾಕಿ ಕಳ್ಕೊಂಡವನು ನಾನು.

ಮೊದಲು ಮಂಜಿನೂರು ಅವ್ರಿಗೆ. ನಿಮ್ಮ ತಾತನ ಜೀಪು ಪೆಟ್ರೋಲು ಇದ್ದಿರ್ಬೇಕು. ಪೆಟ್ರೋಲು ಬಿಸೀಗೆ ಬೇಗ ಆವಿ ಆಗುತ್ತೆ, ಡೀಸೆಲ್ ಕುದಿಯೋಕೆ ಶುರುವಾಗ್ಬೇಕಂದ್ರೇನೇ 150 ಡಿಗ್ರಿ ದಾಟ್ಬೇಕು, ನಿಮ್ಮ ಪೈಪ್ ಅಷ್ಟು ಬಿಸಿ ಆಗಿದ್ರೆ ಗಾಡಿ ಆಫ್ ಆಗೋ ಚಿಂತೆ ಇರ್ತಿರ್ಲಿಲ್ಲ, ಫೈರ್ ಇಂಜಿನ್ ಚಿಂತೆ ಇರ್ತಿತ್ತು. ಬಿಸೀಗೆ ಆಫ್ ಆಗೋ ಕೇಸೂ ಇವೆ, ಪಂಪಿನ ಎಲಿಮೆಂಟ್ ಸವೆದಿದ್ರೆ ಬಿಸಿ ಡೀಸೆಲ್ ನೀರಾಗಿ ಸಂದೀಲಿ ಜಾರಿ ಹೋಗುತ್ತೆ, ಪ್ರೆಷರ್ ಕಟ್ಟಲ್ಲ. ಆದ್ರೆ ಅಂಥ ಗಾಡಿ ಹತ್ತು ನಿಮಿಷಕ್ಕೆ ಸ್ಟಾರ್ಟ್ ಆಗಲ್ಲ, ಬಾನೆಟ್ ಎತ್ತಿ ಮುಕ್ಕಾಲು ಗಂಟೆ ಕಾಯಿಸುತ್ತೆ, ಬೆಳಗ್ಗೆ ಕೂಡ ಅರ್ಧ ಸೆಲ್ಫಿಗೆ ಬರಲ್ಲ. ಇವ್ರ ಗಾಡಿ ಬರುತ್ತೆ. ಇಂಜಿನ್ನೂ ಪಂಪೂ ಗಟ್ಟಿ ಇದೆ ಅನ್ನೋಕೆ ಅದೇ ಸಾಕ್ಷಿ.

ಈಗ ತೋಟದ ಗಾಡಿ. ನೀವು ಒಂದು ಮಾತು ಬರೆದ್ರಿ ನೋಡಿ, ಹ್ಯಾಂಡ್ ಪಂಪ್ ಎತ್ತೋಕೆ ಕಷ್ಟ, ಕೆಳಗಿಂದ ಯಾರೋ ಎಳೆದು ಹಿಡ್ಕೊಂಡ ಹಾಗೆ ಅಂತ. ಆರು ಸಾವಿರ ಖರ್ಚು ಮಾಡೋ ಮುಂಚೆ ಗ್ಯಾರೇಜ್‌ನೋರು ಅದನ್ನ ಕೇಳ್ಬೇಕಿತ್ತು. ಗಾಳಿ ಎಳೀತಿದ್ರೆ ಪಂಪ್ ಕೈಗೆ ಪೊಳ್ಳು ಸಿಗುತ್ತೆ, ಖಾಲಿ ಸೈಕಲ್ ಪಂಪ್ ಥರ, ಹತ್ತು ಇಪ್ಪತ್ತು ಸಲ ಹೊಡೆದ್ರೆ ಆಮೇಲೆ ಗಟ್ಟಿ ಆಗುತ್ತೆ. ನಿಮ್ದು ಅದು ಅಲ್ಲ. ನಿಮ್ದು ಕಟ್ಟಿಕೊಂಡಿರೋದು. ಹಿಂದೆ ಎಲ್ಲೋ ಬಾಯಿ ಮುಚ್ಚಿದೆ, ಫೀಡ್ ಪಂಪ್ ಎಳೀತಿದೆ, ಡೀಸೆಲ್ ಬರ್ತಿಲ್ಲ, ಲೈನಲ್ಲಿ ವ್ಯಾಕ್ಯೂಮ್ ನಿಂತಿದೆ. ಎಳನೀರಿಗೆ ಸ್ಟ್ರಾ ಹಾಕಿ ಗಂಜಿ ಅಡ್ಡ ಬಂದಾಗ ಕೆನ್ನೆ ಒಳಗೆ ಹೋಗುತ್ತಲ್ಲ, ಅದು.

ಹತ್ತು ನಿಮಿಷಕ್ಕೆ ಸರಿ ಹೋಗೋದು ಯಾಕೆ? ಇಂಜಿನ್ ನಿಂತ್ರೆ ಎಳೆತ ನಿಲ್ಲುತ್ತೆ, ನಿಧಾನಕ್ಕೆ ವ್ಯಾಕ್ಯೂಮ್ ಇಳಿದು ಅಡ್ಡ ನಿಂತಿದ್ದು ಕಳಚಿ ಬೀಳುತ್ತೆ, ದಾರಿ ಬಿಡುತ್ತೆ. ಐಡ್ಲಿಂಗಲ್ಲಿ ಆಗಲ್ಲ ಯಾಕಂದ್ರೆ ಐಡ್ಲಿಂಗಿಗೆ ಬೇಕಾಗಿರೋದು ತೊಟ್ಟು ಡೀಸೆಲ್, ಎಳೆತ ಅಷ್ಟಿರಲ್ಲ. ಲೋಡಲ್ಲಿ ಏರು ಅಂದ್ರೆ ಪೂರ್ತಿ ಎಳೆತ. ಹೊಗೆ ಕಮ್ಮಿ ಆಗೋದೂ ಅದಕ್ಕೇ, ಡೀಸೆಲ್ಲೇ ಹೋಗ್ತಿಲ್ಲ ಅಂದ್ಮೇಲೆ ಹೊಗೆ ಎಲ್ಲಿಂದ. ಏರ್ ಫಿಲ್ಟರ್ ಕಟ್ಟಿದ್ರೆ ಕಪ್ಪು ಹೊಗೆ ಕಾರ್ತಿತ್ತು.

ನಂಬಿಕೆ ಬರ್ಲಿಲ್ಲಾಂದ್ರೆ ಕ್ಯಾನ್ ಟೆಸ್ಟ್ ಮಾಡಿ, ಇದಕ್ಕೆ ಗ್ಯಾರೇಜ್ ಬೇಡ. 5 ಲೀಟರ್ ಕ್ಯಾನ್ ಚೆನ್ನಾಗಿ ತೊಳೆದು ಒಣಗಿಸಿ ಬಂಕಿಂದ ಹೊಸ ಡೀಸೆಲ್ ಹಿಡೀರಿ, ಬ್ಯಾರಲಿಂದು ಬೇಡ. ಕ್ಯಾಬಿನ್ ಹಿಂದೆ ಬಾಡಿ ಮುಂಭಾಗಕ್ಕೆ, ಇಂಜಿನ್‌ಗಿಂತ ಎತ್ತರಕ್ಕೆ, ಅಲ್ಲಾಡದ ಹಾಗೆ ಹಗ್ಗ ಹಾಕಿ ಕಟ್ಟಿ. ಫೀಡ್ ಪಂಪಿಗೆ ಟ್ಯಾಂಕಿಂದ ಬರೋ ಪೈಪ್ ಬಿಚ್ಚಿ, ಅದರ ಬದ್ಲು ಕ್ಯಾನಿಂದ ಒಂದು ಪೈಪ್ ಕೊಡಿ, ಬಿಳಿ ಪೈಪ್ ಆದ್ರೆ ಒಳಗೆ ಹೋಗೋದು ಕಣ್ಣಿಗೆ ಕಾಣುತ್ತೆ. ಮಿಕ್ಕ ಡೀಸೆಲ್ ವಾಪಸ್ ತರೋ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಿ. ಇದನ್ನ ಮರೀಬೇಡಿ, ರಿಟರ್ನ್ ಟ್ಯಾಂಕಿಗೆ ಹೋದ್ರೆ ಕ್ಯಾನ್ ಕಣ್ಮುಚ್ಚಿ ಬಿಡೋದ್ರಲ್ಲಿ ಖಾಲಿ ಆಗಿ ಮತ್ತೆ ಆಫ್ ಆಗುತ್ತೆ, ನೀವು ಪಂಪ್ ಹೋಯ್ತು ಅಂತ ಅಳ್ತಾ ಕೂರ್ತೀರ. ಪೈಪ್ ಸೈಲೆನ್ಸರ್ ಕಡೆ ತಾಗದ ಹಾಗೆ ನೋಡ್ಕೊಳ್ಳಿ, ಹತ್ರ ಯಾರೂ ಬೀಡಿ ಸೇದೋದು ಬೇಡ. ಪೈಪಲ್ಲಿ ಸಿಕ್ಕಿರೋ ಏರ್ ತೆಗೆಯೋವಾಗ ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ಗುಳ್ಳೆ ನಿಂತ್ಮೇಲೆ ಅದು ಟೈಟ್, ಆಮೇಲೆ ಮೇನ್ ಪಂಪಿನ ಸ್ಕ್ರೂ. ಆಮೇಲೂ ಸ್ಟಾರ್ಟ್ ಆಗದಿದ್ರೆ ಮಾತ್ರ ನಾಜಲ್ ನಟ್ ಸಡಿಲ ಮಾಡೋದು, ಅಲ್ಲಿ ಬೆರಳು ಇಡ್ಬೇಡಿ, ಆ ಪ್ರೆಷರಿಗೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಕೈ ಕೊಯ್ಸಿಕೊಂಡೋರನ್ನ ನೋಡಿದೀನಿ. ಹ್ಯಾಂಡ್ ಪಂಪ್ ಹೊಡೆದಾದ್ಮೇಲೆ ಅದರ ತಲೆ ಒತ್ತಿ ಪೂರ್ತಿ ತಿರುಗಿಸಿ, ಸಡಿಲ ಬಿಟ್ರೆ ಅಲ್ಲಿಂದಾನೂ ಗಾಳಿ ಎಳೆಯುತ್ತೆ.

ಹಾಗೆ ಕಟ್ಕೊಂಡು ನಿಮ್ಮ ಮಕ್ಕಂದೂರು ಏರು ಹತ್ತಿ. ಹತ್ತಿದ್ರೆ ಪಂಪ್ ಸರಿ ಇದೆ, ತಪ್ಪು ಟ್ಯಾಂಕ್ ಕಡೆ. ಹತ್ಲಿಲ್ಲ ಅಂದ್ರೆ 28 ಸಾವಿರ ರೆಡಿ ಮಾಡ್ಕೊಳ್ಳಿ, ನಾನೂ ತಪ್ಪೊಪ್ಕೋತೀನಿ.

ಇನ್ನೊಂದು. ಕ್ಯಾಪಿಂದ ಕಿತ್ತು ಬಿಸಾಕಿದ್ರಲ್ಲ ಆ ಪ್ಲಾಸ್ಟಿಕ್ಕು, ಅದು ಇಡಿಯಾಗಿತ್ತಾ? ಮಧ್ಯ ಏನಾದ್ರೂ ಕಿತ್ತು ಹೋಗಿತ್ತಾ?


ಮಂಜಿನೂರು (ಸೋಮವಾರ ರಾತ್ರಿ)

ಸರ್ ನಮ್ಮ ತಾತಂದು ಪೆಟ್ರೋಲ್ ಜೀಪೇ, ಈಗ ಅಪ್ಪನ್ನ ಕೇಳ್ದೆ 🙏


ಕೆಎ12_ಲೋಡು (ಸೋಮವಾರ ರಾತ್ರಿ)

ಹಳಬರೇ ಒಂದು ಡೌಟು, ಈಗ ಬರ್ತಿರೋ ಬಿಎಸ್6 (ಹೊಗೆ ಮಾಲಿನ್ಯದ ಹೊಸ ರೂಲ್ಸ್) ಡೀಸೆಲ್ ಹಳೇ ಪಂಪಿಗೆ ಆಗಲ್ಲ, ಒಣಗಿಸಿ ಬಿಡುತ್ತೆ ಅಂತಾರಲ್ಲ, ನಿಜಾನಾ? ಲೋಡಿಂಗ್ ಪಾಯಿಂಟಲ್ಲಿ ಇದೇ ಮಾತು ದಿನಾ, ಕೆಲವ್ರು ಟ್ಯಾಂಕಿಗೆ ಟೂ ಸ್ಟ್ರೋಕ್ ಆಯಿಲ್ ಹಾಕ್ತಾರೆ.


ಪಂಪ್_ರೂಂ_ಹಳಬ (ಮಂಗಳವಾರ ಬೆಳಗ್ಗೆ)

2020ರ ಏಪ್ರಿಲ್‌ನಿಂದ ದೇಶ ಪೂರ್ತಿ ಡೀಸೆಲಲ್ಲಿರೋ ಗಂಧಕ 10 ಪಿಪಿಎಂಗೆ (ಹತ್ತು ಲಕ್ಷಕ್ಕೆ 10 ಪಾಲು) ಇಳಿಸಿದ್ರು, ಅದಕ್ಕೆ ಮುಂಚೆ ಬಿಎಸ್4ರಲ್ಲಿ 50 ಇತ್ತು. ಗಂಧಕ ತೆಗೆಯೋವಾಗ ಡೀಸೆಲಿನ ಜಿಡ್ಡು ಗುಣಾನೂ ಕಮ್ಮಿ ಆಗುತ್ತೆ ಅನ್ನೋದು ನಿಜ, ಅದಕ್ಕೇ ಕಂಪ್ನಿಯೋರು ಜಾರೋಕೆ ಬೇರೆ ಮದ್ದು ಸೇರಿಸಿಯೇ ಕಳಿಸ್ತಾರೆ. ನಿಮ್ಮ ಇನ್‌ಲೈನ್ ಪಂಪಿನ ಕ್ಯಾಮ್ ಶಾಫ್ಟಿಗೆ ಇಂಜಿನ್ ಆಯಿಲ್ಲೇ ಸಿಗುತ್ತೆ, ಅದು ಡೀಸೆಲ್ ನಂಬ್ಕೊಂಡು ಕೂತಿಲ್ಲ. ನಾನು ಟೂ ಸ್ಟ್ರೋಕ್ ಆಯಿಲ್ ಹಾಕು ಅಂತ ಯಾರಿಗೂ ಹೇಳಿಲ್ಲ. ಹಳೇ ರಬ್ಬರ್ ಹೋಸ್ ಮಾತ್ರ ನೋಡ್ಕೊಳ್ಳಿ, 20 ವರ್ಷದ ಹೋಸ್ ಬಗ್ಗಿಸಿದ್ರೆ ಕರುಂ ಅನ್ನುತ್ತೆ, ಕ್ಲಿಪ್ಪಿನ ಅಡೀಲಿ ಸೀಳಿರುತ್ತೆ. ಅಲ್ಲಿ ಡೀಸೆಲ್ ಸೋರಿದ್ದು ಕಾಣಲ್ಲ ನೆನಪಿರ್ಲಿ. ಟ್ಯಾಂಕಿಂದ ಫೀಡ್ ಪಂಪ್ ತನಕ ಎಳೆಯೋ ಕಡೆ, ತೂತಿದ್ರೆ ಒಳಗೆ ಗಾಳಿ ಹೋಗುತ್ತೇ ವಿನಾ ಹೊರಗೆ ಹನಿ ಬರಲ್ಲ. ಫೀಡ್ ಪಂಪ್ ದಾಟಿದ್ಮೇಲೆ ತಳ್ಳೋ ಕಡೆ, ಅಲ್ಲಿ ಒದ್ದೆ ಆಗುತ್ತೆ. ಒದ್ದೆ ಕಂಡಲ್ಲೆಲ್ಲ ಟೈಟ್ ಮಾಡಿ ಒಣಗಿರೋ ಜಾಗ ಸರಿ ಇದೆ ಅಂದ್ಕೊಳ್ಳೋದೇ ಎಲ್ರೂ ಮಾಡೋ ತಪ್ಪು.


ತೋಟದ_ಗಾಡಿ (ಬುಧವಾರ ರಾತ್ರಿ)

ಹಳಬರೇ, ಕ್ಯಾನ್ ಟೆಸ್ಟ್ ಮಾಡ್ದೆ. ಬಾಡಿಗೆ ಕ್ಯಾನ್ ಕಟ್ಟಿ ಬಿಳಿ ಪೈಪ್ ಬಿಟ್ಟು ನಮ್ಮ ಗಾಡಿ ಆಸ್ಪತ್ರೇಲಿ ಡ್ರಿಪ್ ಹಾಕಿದ ಪೇಷೆಂಟ್ ಥರ ಕಾಣ್ತಿತ್ತು, ಮಾದಾಪುರದಲ್ಲಿ ಅರ್ಧ ಊರು ಬಂದು ನೋಡ್ತು. ಅದೇ 40 ಚೀಲ ಲೋಡು, ಅದೇ ರೋಡು. ಹಟ್ಟಿಹೊಳೆ ದಾಟ್ತು, ಮಕ್ಕಂದೂರು ದಾಟ್ತು, ಮಡಿಕೇರಿ ಟೌನ್ ಹತ್ರ ಹೋಗಿ ತಿರುಗಿಸ್ಕೊಂಡು ಬಂದೆ. ಒಂದು ಸಲ ಕೂಡ ಎಳೆತ ಬಿಡ್ಲಿಲ್ಲ! ಅಪ್ಪನೂ ಪಕ್ಕ ಕೂತಿದ್ರು, ಮಾರೋ ಮಾತು ಎತ್ತಿಲ್ಲ ಆಮೇಲೆ.

ಆ ಖುಷೀಲಿ ಟ್ಯಾಂಕ್ ಬಿಚ್ಚೋಕೆ ಸೋಮಾರಿತನ ಮಾಡಿ ಪಂಚರ್ ಅಂಗಡಿಗೆ ಹೋಗಿ, ಟ್ಯಾಂಕ್ ಕ್ಯಾಪ್ ತೆಗೆದು, ಫೀಡ್ ಪಂಪ್ ಕಡೆಯಿಂದ ಹಿಂದಕ್ಕೆ ಕಂಪ್ರೆಸರ್ ಗಾಳಿ ಹೊಡೆಸಿದೆ. ಬುಳುಕ್ ಅಂತ ಒಂದು ಸದ್ದು ಬಂತು ಟ್ಯಾಂಕ್ ಒಳಗೆ. ಪೈಪ್ ವಾಪಸ್ ಹಾಕಿ ಓಡಿಸಿದ್ರೆ ಫಸ್ಟ್ ಕ್ಲಾಸ್. ನಿನ್ನೆ ಒಂದು ಟ್ರಿಪ್, ಇವತ್ತು ಬೆಳಗ್ಗೆ ಒಂದು ಟ್ರಿಪ್, ಏನೂ ಇಲ್ಲ. ಇವತ್ತು ಸಂಜೆ ಸುಂಟಿಕೊಪ್ಪ ದಾಟಿ ಬರೋವಾಗ ಮತ್ತೆ ಆಫ್. ಹತ್ತು ನಿಮಿಷ, ಮತ್ತೆ ಸ್ಟಾರ್ಟ್. ಅಳೋದೊಂದು ಬಾಕಿ.

ಪ್ಲಾಸ್ಟಿಕ್ ಕೇಳಿದ್ರಲ್ಲ, ಅದು ಬಿಸಾಕಿ ಆಗಿದೆ, ಇಡಿಯಾಗಿತ್ತೋ ಇಲ್ವೋ ನೋಡ್ಲಿಲ್ಲ. ಯಾಕೆ ಕೇಳಿದ್ರಿ?


ಪಂಪ್_ರೂಂ_ಹಳಬ (ಬುಧವಾರ ರಾತ್ರಿ)

ಯಾಕೆ ಅಂದ್ರೆ ಗಾಳಿ ಹೊಡೆದಾಗ ಅದು ಹೋಯ್ತು, ಎರಡು ದಿನ ಬಿಟ್ಟು ವಾಪಸ್ ಬಂತು. ಕೆಸರಾಗಿದ್ರೆ ಒಂದು ಸಲ ಚದುರಿದ್ಮೇಲೆ ಅದೇ ಜಾಗಕ್ಕೆ ಹಾಗೆ ಒಟ್ಟಾಗಿ ಬಂದು ಕೂರಲ್ಲ, ಫಿಲ್ಟರಿಗೆ ಹೋಗಿರ್ತಿತ್ತು. ಇದು ಇಡಿಯಾದ ವಸ್ತು, ಟ್ಯಾಂಕಲ್ಲಿ ಓಡಾಡ್ಕೊಂಡಿದೆ, ಪೈಪಿನ ಬಾಯಿಗೆ ಬಂದಾಗ ಎಳೆತಕ್ಕೆ ಸಿಕ್ಕಿ ಅಂಟ್ಕೊಳ್ಳುತ್ತೆ.

ಪ್ಲಾಸ್ಟಿಕ್ ತೇಲುತ್ತಲ್ಲ ಅಂದ್ಕೊಂಡಿರ್ತೀರಿ. ನೀರಲ್ಲಿ ತೇಲುತ್ತೆ. ಡೀಸೆಲ್ ನೀರಿಗಿಂತ ಹಗುರ, ಒಂದು ಲೀಟರ್ ಸುಮಾರು 830 ಗ್ರಾಂ ತೂಗೋದು, ಆ ಗೊಬ್ಬರ ಚೀಲದ ಪ್ಲಾಸ್ಟಿಕ್ಕು ಅದಕ್ಕಿಂತ ಭಾರ. ಡೀಸೆಲಲ್ಲಿ ಅದು ಮುಳುಗಿ ಅಡೀಲೇ ಇರುತ್ತೆ. ಪೈಪಿನ ಬಾಯೂ ಅಡೀಲೇ ಇರೋದು. ಟ್ಯಾಂಕ್ ಇಳಿಸಿ, ಸೋಮಾರಿತನ ಬೇಡ.


ಸಂಪಾಜೆ_ತಿರುವು (ಗುರುವಾರ ಬೆಳಗ್ಗೆ)

ಇಳಿಸುವಾಗ ಡೀಸೆಲ್ ಕಮ್ಮಿ ಮಾಡಿಕೊಳ್ಳಿ ಮಾರಾಯ್ರೇ, ನಾನು ಮುಕ್ಕಾಲು ಟ್ಯಾಂಕ್ ಇರುವಾಗ ಪಟ್ಟಿ ಬಿಚ್ಚಿ ಕಾಲ ಮೇಲೆ ಹಾಕಿಕೊಂಡವ. ಮತ್ತೆ ಬೆಸುಗೆ ಏನಾದರೂ ಮಾಡಿಸುವುದಿದ್ದರೆ ಖಾಲಿ ಟ್ಯಾಂಕ್ ಅಂತ ಹಾಗೆಯೇ ಕೊಡಬೇಡಿ, ಒಳಗಿನ ಆವಿಗೆ ಬೆಂಕಿ ಹತ್ತಿದರೆ ಸಿಡೀತದೆ.


ತೋಟದ_ಗಾಡಿ (ಶುಕ್ರವಾರ ರಾತ್ರಿ)

ಸಿಕ್ತು ಸಿಕ್ತು ಸಿಕ್ತು.

ಇವತ್ತು ಕುಯ್ಲಿನೋರಿಗೆ ಸಂಬಳದ ದಿನ, ಗಾಡಿಗೆ ಕೆಲ್ಸ ಇರ್ಲಿಲ್ಲ, ಕಣದ ಪಕ್ಕ ನಿಲ್ಸಿ ಟ್ಯಾಂಕ್ ಇಳಿಸಿದ್ವಿ, ನಾನು, ಡ್ರೈವರ್ರು, ತೋಟದ ಲೆಕ್ಕ ಬರೆಯೋ ನಮ್ಮ ರೈಟರ್ ಮೂವರೂ. ಡೀಸೆಲ್ ಎಲ್ಲ ಬಕೆಟಿಗೆ ಸೋಸಿ ಹಿಡಿದ್ವಿ. ಸಂಪಾಜೆಯೋರು ಹೇಳಿದ್ದು ಸುಳ್ಳಲ್ಲ, ಕೊನೇ ಒಂದು ಲೀಟರ್ ಡೀಸೆಲ್ ಅಲ್ಲವೇ ಅಲ್ಲ, ಕಾಫಿ ಡಿಕಾಕ್ಷನ್ ಥರ ಕರೀ ನೀರು, ಕೈಗೆ ಅಂಟೋ ಲೋಳೆ. ಟ್ಯಾಂಕ್ ಅಲ್ಲಾಡಿಸಿದ್ರೆ ಏನೂ ಸದ್ದಿಲ್ಲ. ಟಾರ್ಚ್ ಬಿಟ್ಟು ನೋಡಿದ್ರೆ ಏನೂ ಕಾಣ್ಲಿಲ್ಲ. ಡ್ರೈವರ್ ಮುಖದಲ್ಲಿ ಒಂದು ಗೆಲುವು ಬಂತು, ನೋಡಿ ಸಾರ್ ನಾನೇನೂ ಮಾಡಿಲ್ಲ ಅನ್ನೋ ಥರ.

ಆಮೇಲೆ ಮೇಲಿನ ಪ್ಲೇಟಿನ ಸ್ಕ್ರೂ ಬಿಚ್ಚಿ ಒಳಗಿನ ಪೈಪ್ ಎಳೆದ್ವಿ. ಪೈಪ್ ತುದೀಲಿ ಜಾಲರಿ ಇರ್ಬೇಕಿತ್ತಂತೆ, ನಮ್ಮದ್ರಲ್ಲಿ ಇಲ್ವೇ ಇಲ್ಲ, ಯಾವ ಕಾಲದಲ್ಲಿ ಯಾರು ಕಿತ್ತು ಹಾಕಿದ್ರೋ. ಆ ಬರೀ ಬಾಯಿಗೆ ಅಂಗೈ ಅಗಲದ ಪ್ಲಾಸ್ಟಿಕ್ ಚೂರು ಅರ್ಧ ಒಳಗೆ ಎಳ್ಕೊಂಡು ಅರ್ಧ ಹೊರಗೆ ಜೋತಾಡ್ತಿತ್ತು. ಲೋಳೆ ಹಿಡಿದು ಕಂದು ಬಣ್ಣ ಆಗಿತ್ತು, ತೊಳೆದ್ರೆ ಬಿಳೀದು, ಒಂದು ಅಂಚಲ್ಲಿ ಕ್ಯಾಪಿನ ಬಾಯಿಯ ಉಂಗುರದ ಗುರುತು ಇನ್ನೂ ಇದೆ. ಅದನ್ನ ಪೈಪಿಂದ ಎಳೆದಾಗ ಪುಸಕ್ ಅಂತು.

ಡ್ರೈವರ್ರಿಗೆ ಏನೂ ಬೈಲಿಲ್ಲ. ಮಳೇಲಿ ವಾಷರ್ ತಂದು ಕೊಡಿ ಅಂತ ಅವ್ನು ಕೇಳಿದ್ದು ನಿಜ, ನಾಳೆ ತರ್ತೀನಿ ಅಂತ ನಾನು ಹೇಳಿದ್ದೂ ನಿಜ, ರೈಟರ್ ಮುಂದೆನೇ ನೆನಪಿಸ್ದ.

ಟ್ಯಾಂಕ್ ಡೀಸೆಲಲ್ಲೇ ಎರಡು ಸಲ ಕುಲುಕಿ ತೊಳೆದ್ವಿ, ಬಿಸಿಲಿಗೆ ಇಟ್ವಿ. ಟ್ಯಾಂಕಿಂದ ಬರೋ ಹೋಸ್ ಬಗ್ಗಿಸಿದ್ರೆ ಹಳಬರು ಹೇಳಿದ ಹಾಗೆ ಕರುಂ ಅಂತು, ಅದೂ ಹೊಸದು ಹಾಕ್ದೆ, ಕ್ಲಿಪ್ ಎರಡು. ಪೈಪ್ ಜಾಯಿಂಟಿನ ಕಾಪರ್ ವಾಷರ್ ಊರಲ್ಲಿ ಸಿಗ್ಲಿಲ್ಲ, ಹಳೇದನ್ನೇ ಉಲ್ಟಾ ಮಾಡಿ ಹಾಕಿದೀನಿ, ಪರ್ವಾಗಿಲ್ವಾ? ಜೊತೆಗೆ ಬೋಲ್ಟಿನ ತ್ರೆಡ್ ಮೇಲೆ ನಲ್ಲಿಗೆ ಸುತ್ತೋ ಬಿಳಿ ಟೇಪ್ ಸುತ್ತಲಾ ಅಂತ ರೈಟರ್ ಕೇಳಿದ್ರು, ಸುತ್ತಿಲ್ಲ ಇನ್ನೂ.


ಪಂಪ್_ರೂಂ_ಹಳಬ (ಶುಕ್ರವಾರ ರಾತ್ರಿ)

ಟೇಪ್ ಬೇಡವೇ ಬೇಡ. ಅದರ ಎಳೆ ಹರಿದು ಲೈನಲ್ಲಿ ಹೋಗಿ ವಾಲ್ವ್ ಕೆಳಗೆ ಕೂತ್ರೆ ಮತ್ತೊಂದು ಪೋಸ್ಟ್ ಹಾಕ್ತೀರಿ. ಹಳೇ ಕಾಪರ್ ವಾಷರ್ ಉಲ್ಟಾ ಹಾಕಿದ್ರೆ ಪ್ರಯೋಜನ ಇಲ್ಲ, ಅದು ಒತ್ತಿಸ್ಕೊಂಡು ಗಟ್ಟಿ ಆಗಿರುತ್ತೆ. ತಂತೀಗೆ ಪೋಣಿಸಿ ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ, ತಾಮ್ರ ಅದ್ದಿದ್ರೆ ಕಬ್ಬಿಣದ ಥರ ಗಟ್ಟಿ ಆಗಲ್ಲ, ಮೆತ್ತಗಾಗುತ್ತೆ. ಮೇಲಿನ ಕರಿ ಉಜ್ಜಿ ತೆಗೆದು ಹಾಕಿ. ಹೊಸದು ಸಿಗೋ ತನಕ ನಡೆಯುತ್ತೆ. ಫೀಡ್ ಪಂಪಿನ ಒಳಬಾಯಿಯ ಸಣ್ಣ ಜಾಲರೀನೂ ಬಿಚ್ಚಿ ತೊಳೆಯಿರಿ, ಆ ಲೋಳೆ ಅಲ್ಲೂ ಇದ್ದೇ ಇರುತ್ತೆ. ಹೊಸ ಫಿಲ್ಟರ್ ಹಾಕ್ಸಿದೀನಿ ಅಂತ ಬಿಡ್ಬೇಡಿ, ಅದು ಇಷ್ಟೊತ್ತಿಗೆ ಆ ಕರೀ ನೀರು ಕುಡಿದಿದೆ, ಒಂದು ಹದಿನೈದು ದಿನ ಓಡಿಸಿ ಮತ್ತೆ ಬದಲಾಯಿಸಿ.

ಟ್ಯಾಂಕ್ ಪೈಪಿಗೆ ಜಾಲರಿ ಹಾಕಿ. ಕ್ಯಾಪಿಗೆ ವಾಷರ್ ಹಾಕಿ. ನಾಳೆ ಅಲ್ಲ.


ತೋಟದ_ಗಾಡಿ (ಮುಂದಿನ ಗುರುವಾರ)

ವಾಷರ್ ಕುಶಾಲನಗರದಲ್ಲಿ ಸಿಕ್ತು, 30 ರೂಪಾಯಿ. ಜಾಲರೀನೂ ಹಾಕ್ಸಿದೆ. ಹೊಸ ಕಾಪರ್ ವಾಷರ್ ಬರೋ ತನಕ ಅಮ್ಮನ ಗ್ಯಾಸ್ ಒಲೇಲಿ ಕಾಯಿಸಿದ್ದೇ ಇದೆ, ಹನಿ ಇಲ್ಲ, ಅಮ್ಮ ಮಾತ್ರ ಇನ್ನೂ ಮಾತಾಡ್ತಿಲ್ಲ. ಆರು ಟ್ರಿಪ್ ಆಯ್ತು, ಅದ್ರಲ್ಲಿ ಎರಡು ಫುಲ್ ಲೋಡ್ ಏರು, ನಿನ್ನೆ ಬೇಕು ಅಂತ್ಲೇ ಸಂಜೆ ಹೊತ್ತಲ್ಲಿ ಆನೆಕಾಡಲ್ಲಿ ಬಂದೆ, ಎಲ್ಲೂ ಮಿಸ್ ಹೊಡೀಲಿಲ್ಲ. ಗ್ಯಾರೇಜ್‌ನೋರಿಗೆ ಪ್ಲಾಸ್ಟಿಕ್ ಚೂರು ತೋರಿಸ್ದೆ, ಪಂಪೂ ಒಂದ್ಸಲ ಮಾಡ್ಸಿಬಿಡಿ ಹೇಗೂ ಹಳೇದು ಅಂದ್ರು.

ಚೂರನ್ನ ಡ್ರೈವರ್ ಡ್ಯಾಶ್ ಬೋರ್ಡ್ ಮೇಲೆ ದೇವರ ಫೋಟೋ ಪಕ್ಕ ಸಿಕ್ಕಿಸಿದ್ದಾನೆ, ತೆಗೆಯೋಕೆ ಬಿಡ್ತಿಲ್ಲ.


ಕೆಎ12_ಲೋಡು (ಮುಂದಿನ ಗುರುವಾರ)

ಗಾಡಿ ಸರಿ ಹೋಯ್ತಲ್ಲ, ಹಾಗಾದ್ರೆ ಶನಿವಾರ ಗೋಣಿಕೊಪ್ಪಕ್ಕೆ ಬರ್ತೀರಾ, ಒಂದು ಬಾಡಿಗೆ ಇದೆ, ಕರಿಮೆಣಸು 25 ಚೀಲ, ನನ್ನ ಗಾಡಿ ಗೇರ್ ಬಾಕ್ಸ್ ಬಿಚ್ಚಿ ಕೂರ್ಸಿದೀನಿ. ಗೇರ್ ಬಾಕ್ಸಿಗೆ ಬೇರೆ ಪೋಸ್ಟ್ ಹಾಕ್ತೀನಿ, ಹಳಬರು ಸ್ವಲ್ಪ ನೋಡಿ.